ರೆಕ್ಕೆಯ ಹೊಟ್ಟೆಯೊಳಗೆ

ರೆಕ್ಕೆಯ ಬುಡದಲ್ಲಿ ಗಂಡಾಳೊಬ್ಬ ಕೈ ಮೇಲೆತ್ತಿ ನಿಲ್ಲಬಹುದು. ಒಳಗೆ ಹೋದಂತೆ ತಲೆ ಬಗ್ಗಿಸಬೇಕು. ಇನ್ನಷ್ಟು ಹೋದರೆ ಮಂಡಿಯೂರಬೇಕು. ಆಮೇಲೆ ಹೊಟ್ಟೆಯ ಮೇಲೆ ತೆವಳಬೇಕು. ಅಲ್ಲಿಂದಾಚೆ ಮೈ ಹೊರಳುವುದಿಲ್ಲ. ಹೋದವರು ಹೋದ ಹಾಗೆಯೇ ಹಿಂದಕ್ಕೆ ಸರಿದು ಬರಬೇಕು.

ದೇವಿಕಾ ದಿನವೂ ಅಲ್ಲಿಗೆ ಹೋಗುತ್ತಿದ್ದಳು.

ಗುಡ್ಡದ ಮೇಲೆ ತಿರುಗುವ ವಿಂಡ್‌ಮಿಲ್ಲನ್ನು ದೂರದಿಂದ ನೋಡಿದವರಿಗೆ ಅದರ ರೆಕ್ಕೆ ಬಿದಿರಿನ ಸೀಳಿನಂತೆ ಕಾಣುತ್ತದೆ. ಫ್ಯಾಕ್ಟರಿಯ ಶೆಡ್ಡಿನಲ್ಲಿ ಮಲಗಿಸಿದಾಗ ಅದು ಒಂದು ಕೇರಿಯಷ್ಟು ಉದ್ದ. ಎರಡು ಹೋಳುಗಳನ್ನು ಬೇರೆ ಬೇರೆ ಅಚ್ಚಿನಲ್ಲಿ ಮಾಡಿ, ಅಂಟು ಬಳಿದು, ಒಂದರ ಮೇಲೊಂದು ಕೂರಿಸಿ ಒತ್ತುತ್ತಾರೆ. ಒತ್ತಿದಾಗ ಹೆಚ್ಚಾದ ಅಂಟು ಒಳಕ್ಕೆ ಉಕ್ಕಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೇ ಬಿಟ್ಟರೆ ರೆಕ್ಕೆ ತಿರುಗುವಾಗ ಅದು ಕಳಚಿ ಒಳಗೇ ಉರುಳುತ್ತದೆ. ಅದಕ್ಕೆ ಯಾರಾದರೂ ಒಳಗೆ ಹೋಗಬೇಕು. ಉಳಿಯಿಂದ ಕೆತ್ತಬೇಕು. ಗ್ರೈಂಡರಿನಿಂದ ಉಜ್ಜಬೇಕು. ಬಿದ್ದದ್ದನ್ನು ಚೀಲಕ್ಕೆ ತುಂಬಿ ಎಳೆದು ತರಬೇಕು.

ಆ ಯಾರಾದರೂ ಅಂದರೆ ಸೀಗೆಹಟ್ಟಿಯ ಮಾದಿಗರ ಕೇರಿಯ ಹೆಂಗಸರು.

"ನಿಮ್ಮೋರು ಸಣ್ಣಕೆ ಇರ್ತಾರೆ. ಸಲೀಸಾಗಿ ತೂರ್ತಾರೆ," ಎಂದಿದ್ದ ಸೂಪರ್‌ವೈಸರ್ ಲಕ್ಷ್ಮೀಕಾಂತ್, ಮೊದಲ ದಿನ. ನಗುತ್ತಲೇ ಹೇಳಿದ್ದ. ಊರೊಳಗಿನ ಹೆಂಗಸರಲ್ಲೂ ಸಣ್ಣಗಿದ್ದವರು ಬೇಕಾದಷ್ಟಿದ್ದರು. ಅವರನ್ನು ಕ್ಯಾಂಟೀನಿಗೂ ಆಫೀಸಿಗೂ ಹಾಕಿದ್ದರು. ಗಾಜಿನ ನಾರಿನ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೆಲವರನ್ನು ನಿಲ್ಲಿಸಿದ್ದರು. ರೆಕ್ಕೆಯೊಳಗೆ ತೂರುವ ಸಣ್ಣತನ ಮಾತ್ರ ಒಂದೇ ಕೇರಿಗೆ ಬಂದಿತ್ತು.

ಒಳಗೆ ಉಜ್ಜಿದಾಗ ಏಳುವ ಧೂಳು ಬರಿಯ ಧೂಳಲ್ಲ. ಗಾಜಿನ ಪುಡಿ. ಕಣ್ಣಿಗೆ ಕಾಣದ ಮುಳ್ಳು. ಕತ್ತಿನ ಮಡಿಕೆ, ಮೊಣಕೈ ಸಂದು, ಎದೆಯ ಕೆಳಗೆ, ಎಲ್ಲೆಲ್ಲಿ ಬೆವರು ನಿಲ್ಲುತ್ತದೋ ಅಲ್ಲಿ ಚುಚ್ಚಿಕೊಳ್ಳುತ್ತಿತ್ತು. ಕೆರೆದರೆ ಇನ್ನೂ ಒಳಗೆ ಇಳಿಯುತ್ತಿತ್ತು. ಮನೆಗೆ ಬಂದರೆ ದೇವಿಕಾಳ ಅವ್ವ ಮುದ್ದಕ್ಕ ರಾಗಿಹಿಟ್ಟನ್ನು ಬಿಸಿನೀರಲ್ಲಿ ನಾದಿ ಉಂಡೆ ಮಾಡಿ ಮಗಳ ತೋಳಿನ ಮೇಲೆ ಉರುಳಿಸುತ್ತಿದ್ದಳು. ಹಿಟ್ಟಿಗೆ ಅಂಟಿ ಮುಳ್ಳು ಬರುತ್ತಿತ್ತು. ಆಮೇಲೆ ತನ್ನ ತಂಗಿ ಬೋರಕ್ಕನ ತೋಳು. ಆ ಹಿಟ್ಟನ್ನು ಕೋಳಿಗೂ ಹಾಕುವಂತಿರಲಿಲ್ಲ. ಮಣ್ಣು ಬಗೆದು ಹೂಳುತ್ತಿದ್ದಳು.

ಊಟಕ್ಕೆ ಅವರು ಶೆಡ್ಡಿನ ಹಿಂದೆ ಜಾಲಿಮರದ ಕೆಳಗೆ ಕೂರುತ್ತಿದ್ದರು. "ಕ್ಯಾಂಟೀನಿನೊಳಕ್ಕೆ ಬರಬ್ಯಾಡ್ರಿ, ಧೂಳು ಉದುರ್ತೈತೆ," ಎಂದು ಹೇಳಿದ್ದರು. ರೆಕ್ಕೆಯ ಹೊರಮೈ ಉಜ್ಜುವ ಗಂಡಸರು ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ಅದೇ ಕ್ಯಾಂಟೀನಿನಲ್ಲಿ ಕೂತು ಉಣ್ಣುತ್ತಿದ್ದರು. ಅವರ ಧೂಳು ಉದುರುತ್ತಿರಲಿಲ್ಲ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಫ್ಯಾಕ್ಟರಿ ಎದ್ದು ನಿಂತ ಜಾಗ ಒಂದು ಕಾಲಕ್ಕೆ ಕೇರಿಯವರು ಉತ್ತು ಬಿತ್ತಿದ ಇಳಿಜಾರು. ಐಮಂಗಲದಿಂದ ಸೀಗೆಹಟ್ಟಿಗೆ ತಿರುಗುವ ದಾರಿಯ ಪಕ್ಕ. ಹಕ್ಕುಪತ್ರ ಸಿಕ್ಕಿರಲಿಲ್ಲ. ಆದರೆ ಮುದ್ದಕ್ಕನ ಮಾವ ಕಲ್ಲು ಆರಿಸಿ ಬದು ಹಾಕಿದ್ದ. ಮುದ್ದಕ್ಕ, ಬೋರಕ್ಕ ಇಬ್ಬರೂ ಗಂಡಂದಿರನ್ನು ಕಳೆದುಕೊಂಡ ಮೇಲೆ ಅಲ್ಲೇ ಹುರುಳಿ, ನವಣೆ ಬೆಳೆದು ದೇವಿಕಾಳನ್ನು ಸಾಕಿದ್ದರು. ಒಂದು ದಿನ ಊರ ಅರಳಿಕಟ್ಟೆಯ ಮುಂದೆ ಶಾಮಿಯಾನ ಹಾಕಿದರು. ಕೇರಿಯವರನ್ನೂ ಕರೆದು ಕುರ್ಚಿಯ ಮೇಲೆ ಕೂರಿಸಿದರು. ಕೋಟು ಹಾಕಿದವರೊಬ್ಬರು ಮೈಕಿನಲ್ಲಿ ಹೇಳಿದರು: ಗಾಳಿ ನಿಮ್ಮದು, ಗುಡ್ಡ ನಿಮ್ಮದು, ಕೆಲಸವೂ ನಿಮ್ಮದು. ರೆಕ್ಕೆ ಬೇರೆ ದೇಶದಿಂದ ಹಡಗಿನಲ್ಲಿ ಬರುವ ಕಾಲ ಮುಗಿಯಿತು. ಇನ್ನು ಇಲ್ಲೇ ಮಾಡೋಣ. ಚಿತ್ರದುರ್ಗದ ಮಕ್ಕಳು ಮಾಡಿದ ರೆಕ್ಕೆ ದೇಶದ ತುಂಬ ತಿರುಗಲಿ. ಜಮೀನು ಬಿಟ್ಟ ಮನೆಗೊಂದು ಕೆಲಸ.

ಎಲ್ಲರೂ ಚಪ್ಪಾಳೆ ಹೊಡೆದರು. ಶಾಲೆಯ ಲಂಗದಲ್ಲಿದ್ದ ದೇವಿಕಾಳೂ ಹೊಡೆದಳು. ಅವಳು ಆ ಮಾತನ್ನು ನಂಬಿದಳು. ನಂಬಿ ಹಿರಿಯೂರಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಐಟಿಐ ಫಿಟ್ಟರ್ ಓದಿದಳು. ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಕಬ್ಬಿಣ ಉಜ್ಜಿ ಉಜ್ಜಿ ಅಂಗೈ ಬೊಬ್ಬೆ ಬಂದಾಗಲೂ ಅವಳು ನೆನೆಯುತ್ತಿದ್ದದ್ದು ಒಂದೇ: ಅಚ್ಚಿನ ಶೆಡ್ಡಿನಲ್ಲಿ ನೀಲಿ ಶರ್ಟು ಹಾಕಿಕೊಂಡು ನಿಲ್ಲುವುದು. ಬಟ್ಟೆಯ ಪದರದ ಮೇಲೆ ಪದರ ಹಾಸಿ, ಅಂಟು ಹರಿಸಿ, ಬಿಸಿಯಾದ ಅಚ್ಚು ತೆರೆದಾಗ ಹೊಸ ರೆಕ್ಕೆ ಹೊಳೆಯುತ್ತ ಏಳುವುದನ್ನು ನೋಡುವುದು.

ಕೆಲಸ ಬಂತು. ಕಂಪನಿಯಿಂದ ಬರಲಿಲ್ಲ. ಕಂಟ್ರಾಕ್ಟರ್ ಕಾಟಲಿಂಗಪ್ಪನ ಕೈಯಿಂದ ಬಂತು. ಕಾಟಲಿಂಗಪ್ಪ ಊರೊಳಗಿನವನು, ಆಳುಗಳನ್ನು ಒದಗಿಸುವ ಗುತ್ತಿಗೆ ಅವನದು. ಅಚ್ಚಿನ ಶೆಡ್ಡಿಗೆ ಅವನ ನೆಂಟರ ಹುಡುಗರು ಹೋದರು. ಉಳಿದ ಜಾಗಕ್ಕೆ ಹೊರರಾಜ್ಯದವರು ಬಂದರು. ದೇವಿಕಾ ತನ್ನ ಓದಿನ ಮಾತು ಎತ್ತಿದಾಗ ಅವನು ಹಲ್ಲು ಚುಚ್ಚುತ್ತ, "ಮೊದ್ಲು ಕಸ ಗುಡಿಸಾಕೆ ಸೇರ್ಕಾ. ಆಮ್ಯಾಲೆ ನೋಡಾಣ," ಎಂದ.

ಹಾಗೆ ಸೇರಿದಳು. ಕಸ ಗುಡಿಸುವವರೆಂದು ಹೆಸರು, ರೆಕ್ಕೆಯೊಳಗೆ ಕೆಲಸ. ಬೋರಕ್ಕ ಅವಳ ಜೊತೆಗೇ ಬಂದಳು. ಪಕ್ಕದ ಮನೆಯ ಮೌನಿಕಾಳೂ ಬಂದಳು. ಇಳಿಜಾರಿನ ಸುತ್ತ ಗೋಡೆ ಎದ್ದಿತ್ತು. ಬೇರೆ ಎಲ್ಲಿಗೂ ಹೋಗುವಂತಿರಲಿಲ್ಲ.

ರೆಕ್ಕೆಯೊಳಗಿನ ಗಾಳಿ ಎಳೆಯಲು ದಪ್ಪ ಪೈಪಿನ ಫ್ಯಾನು ಒಂದಿತ್ತು. ಸೊಂಟಕ್ಕೆ ಕಟ್ಟಲು ಹಗ್ಗವೂ ಇತ್ತು. ಒಳಗೆ ಹೋದವರ ಹಗ್ಗ ಹಿಡಿದು ಹೊರಗೊಬ್ಬರು ಕೂತು ಆಗಾಗ ಕೂಗಿ ಮಾತಾಡಿಸಬೇಕು ಅನ್ನುವುದು ನಿಯಮ. ಹೊರಗಿನ ಸಾಹೇಬರು ನೋಡಲು ಬಂದಾಗ ಇವೆಲ್ಲ ಇರುತ್ತಿದ್ದವು. ಸಾಹೇಬರು ಹೋದ ಮೇಲೆ ಫ್ಯಾನು ಅಚ್ಚಿನ ಶೆಡ್ಡಿಗೆ ಹೋಗುತ್ತಿತ್ತು. ಹಗ್ಗ ಹಿಡಿಯಲು ಕೂತವಳನ್ನು ಲಕ್ಷ್ಮೀಕಾಂತ್ ಎಬ್ಬಿಸುತ್ತಿದ್ದ. "ಒಂದಾಳು ಸುಮ್ನೆ ಕುಂತ್ಕಂಡ್ರೆ ನಿಮ್ಮಪ್ಪ ಕೊಡ್ತಾನಾ ಕೂಲಿ?"

ಬೇಸಿಗೆಯ ಒಂದು ಮಧ್ಯಾಹ್ನ. ರೆಕ್ಕೆ ಹೊರಡಿಸುವ ಅವಸರ. ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಬುಡದ ಬಾಯಲ್ಲಿ ನಿಂತರೇ ಮೂಗು ಉರಿಯುತ್ತಿತ್ತು.

"ಸಾರ್, ವಾಸನೆ ಬಾಳ ಐತೆ. ಫ್ಯಾನು ಹಾಕಿಸ್ರಿ. ಇಲ್ಲಾಂದ್ರೆ ನಾಳಿಕೆ ಮಾಡ್ತೀವಿ," ಎಂದಳು ದೇವಿಕಾ.

"ನಾಳಿಕೆ ಲಾರಿ ನಿಮ್ಮ ಕೇರಿಗೆ ಬರ್ತೈತಾ? ಒಳಗೋಗ್ರಿ," ಎಂದ ಲಕ್ಷ್ಮೀಕಾಂತ್.

ಅವತ್ತು ತುದಿಗೆ ಹೋಗುವ ಸರದಿ ದೇವಿಕಾಳದು. ಅವಳ ಎರಡು ತೋಳೂ ಬಾತು ಕೆಂಪಗಾಗಿ ನೀರೊಡೆದಿದ್ದವು. ಬೋರಕ್ಕ ಅದನ್ನು ನೋಡಿದಳು. ಅವಳ ಕೈಯಿಂದ ಗ್ರೈಂಡರ್ ಕಿತ್ತುಕೊಂಡಳು.

"ನೀನು ಚೀಲ ಎಳಿಯೇ. ತುದೀಗೆ ನಾನೋಗ್ತೀನಿ."

"ಬ್ಯಾಡ ಚಿಕ್ಕವ್ವ."

"ಸಾಕು ಬಾಯಿ ಮುಚ್ಚು. ನಿನ್ ತೋಳು ನೋಡ್ಕ್ಯಾ."

ಬೋರಕ್ಕ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ಮೂಗಿಗೆ ಟವೆಲು ಬಿಗಿದು, ಮಂಡಿಯೂರಿ ಒಳಗೆ ಹೋದಳು. ಸ್ವಲ್ಪ ಹೊತ್ತು ಅವಳ ಹಣೆಯ ಬ್ಯಾಟರಿಯ ಬೆಳಕು ಕಾಣುತ್ತಿತ್ತು. ಆಮೇಲೆ ಧೂಳು ನುಂಗಿತು. ಗ್ರೈಂಡರಿನ ಸದ್ದು ಮಾತ್ರ ಉಳಿಯಿತು. ಅಂಟಿಗೆ ತಗುಲಿದಾಗ ಕಿರುಚುವುದು, ಎತ್ತಿದಾಗ ಗುಂಯ್‌ಗುಡುವುದು, ಮತ್ತೆ ಕಿರುಚುವುದು.

ಎಷ್ಟೋ ಹೊತ್ತಾದ ಮೇಲೆ ಸದ್ದು ಬದಲಾಯಿತು. ಬರೀ ಗುಂಯ್ ಅನ್ನುವುದೊಂದೇ. ಕಿರುಚಲಿಲ್ಲ. ನಿಲ್ಲಲೂ ಇಲ್ಲ.

"ಚಿಕ್ಕವ್ವಾ!"

ಗುಂಯ್ ಸದ್ದು ಹಾಗೇ ಇತ್ತು.

ದೇವಿಕಾ ಒಳಗೆ ನುಗ್ಗಿದಳು. ಮೌನಿಕಾ ಹಿಂದೆ ಬಂದಳು. ಬಗ್ಗುವ ಜಾಗದಲ್ಲಿ ಬಗ್ಗಿದಳು, ತೆವಳುವ ಜಾಗದಲ್ಲಿ ತೆವಳಿದಳು. ಕಣ್ಣು ಬಿಡಲಾಗುತ್ತಿರಲಿಲ್ಲ. ಉಸಿರು ಎಳೆದರೆ ಗಂಟಲಿಗೆ ಸುಣ್ಣ ಮೆತ್ತಿದಂತಾಗುತ್ತಿತ್ತು. ಕೈಗೆ ಮೊದಲು ಸಿಕ್ಕಿದ್ದು ಬೋರಕ್ಕನ ಹಿಮ್ಮಡಿ. ಒಡೆದ ಹಿಮ್ಮಡಿ. ಅದನ್ನು ಎರಡು ಕೈಯಲ್ಲೂ ಹಿಡಿದಳು. ಎಳೆದಳು. ಬರಲಿಲ್ಲ. ಅಂಗಿ ಅಂಟಿನ ಚೂರಿಗೆ ಸಿಕ್ಕಿಕೊಂಡಿತ್ತು.

"ನನ್ ಕಾಲು ಹಿಡ್ದು ಎಳಿಯೇ ಮೌನಿಕಾ! ಎಳಿಯೇ!"

ಮೌನಿಕಾ ಅವಳ ಕಾಲು ಹಿಡಿದಳು. ಮೌನಿಕಾಳ ಕಾಲನ್ನು ಇನ್ನೊಬ್ಬಳು ಹಿಡಿದಳು. ಬಾವಿಯಿಂದ ಕೊಡ ಎಳೆದ ಹಾಗೆ ಹೆಂಗಸರು ಒಬ್ಬರನ್ನೊಬ್ಬರು ಎಳೆದರು. ಅಂಗಿ ಪರ್ರನೆ ಹರಿಯಿತು. ಬೋರಕ್ಕ ಹೊರಗೆ ಬಂದಾಗ ಮುಖಕ್ಕೆ ಬಣ್ಣವಿರಲಿಲ್ಲ. ತುಟಿ ನೇರಳೆಯಾಗಿತ್ತು. ಬಾಯ ತುಂಬ ಬಿಳಿ ಪುಡಿ. ದೇವಿಕಾ ಬೆರಳು ಹಾಕಿ ಬಗೆದು ತೆಗೆದಳು. ಎದೆಗೆ ಗುದ್ದಿದಳು. ಬಾಯಿಗೆ ಬಾಯಿಟ್ಟು ಊದಿದಳು. ಬೋರಕ್ಕ ಕೆಮ್ಮಿದಳು.

ಕಂಪನಿಯ ಆಂಬುಲೆನ್ಸು ಮುಂದಿನ ಗೇಟಿನ ಹತ್ತಿರ ನಿಂತಿತ್ತು. ತೊಳೆದು ಒರೆಸಿ ನಿಲ್ಲಿಸಿದ್ದರು. ಲಕ್ಷ್ಮೀಕಾಂತ್ ಅದನ್ನು ಕರೆಯಲಿಲ್ಲ. "ಹಿಂದಿನ ಗೇಟಿಂದ ಕರ್ಕಂಡೋಗ್ರಿ, ಮುಂದ್ಗಡೆ ಸಾಹೇಬ್ರು ಅದಾರೆ," ಎಂದು ಕಸ ಸಾಗಿಸುವ ಟೆಂಪೋ ತರಿಸಿದ. ಗಾಜಿನ ನಾರಿನ ಚಿಂದಿಯ ಚೀಲಗಳ ಮಧ್ಯೆ ಚಿಕ್ಕವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದೇವಿಕಾ ಹಿರಿಯೂರಿನ ಆಸ್ಪತ್ರೆಗೆ ಹೋದಳು. ಅಲ್ಲಿಂದ ಚಿತ್ರದುರ್ಗಕ್ಕೆ ಕಳಿಸಿದರು.

ಬೋರಕ್ಕ ಉಳಿದಳು. ಅವಳ ಉಸಿರು ಮಾತ್ರ ಪೂರ್ತಿ ವಾಪಸ್ಸು ಬರಲಿಲ್ಲ. ಹುಲ್ಲಿನ ಹೊರೆ ಹೊತ್ತು ಗುಡ್ಡ ಇಳಿದು ಬರುತ್ತಿದ್ದ ಹೆಂಗಸು ಈಗ ಬಾಗಿಲಿಂದ ಒಲೆಯ ತನಕ ನಡೆದು ಕಂಬ ಹಿಡಿದು ನಿಲ್ಲುತ್ತಿದ್ದಳು. ಎದೆಯೊಳಗೆ ತಿದಿ ಒತ್ತಿದಂಥ ಸದ್ದು.

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದ್ದರಿಂದ ವಿಷಯ ಮೇಲಿನವರಿಗೆ ಹೋಯಿತು. ತನಿಖೆಗೆ ಕಾರ್ಖಾನೆ ಇಲಾಖೆಯ ಅಧಿಕಾರಿ ಬರುತ್ತಾರೆ ಎಂದಾಯಿತು. ಕಾಟಲಿಂಗಪ್ಪ ಕೇರಿಗೆ ಬಂದ. ಬೈಕಿನಿಂದ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಕೊಟ್ಟು ಕೂತೇ ಕರೆದ.

"ಏನಮ್ಮ ಮುದ್ದಕ್ಕ. ನಿನ್ ಮಗಳನ್ನ ಕರಿ."

ದೇವಿಕಾ ಹೊರಗೆ ಬಂದಳು.

"ನೋಡು, ನಾನು ನಿಮಗೆ ಕೆಡುಕು ಬಯಸೋನಲ್ಲ. ಮ್ಯಾನೇಜರ್ ಹತ್ರ ಮಾತಾಡೀನಿ. ನಿನ್ನ ಅಚ್ಚಿನ ಶೆಡ್ಡಿಗೆ ಹಾಕ್ತಾರೆ. ಕಂಪನಿ ಕೆಲ್ಸ. ಪರ್ಮನೆಂಟು. ನೀಲಿ ಶರ್ಟು ಕೊಡ್ತಾರೆ. ನೀನು ಓದಿದ್ದಕ್ಕೂ ಬೆಲೆ ಬರ್ತೈತೆ."

ದೇವಿಕಾಳ ಎದೆ ಹೊಡೆದುಕೊಂಡಿತು. ಅದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಹೊಡೆದುಕೊಂಡಿತು.

"ನಾನೇನು ಮಾಡ್ಬೇಕು?"

"ಏನಿಲ್ಲ. ಆಫೀಸರ್ ಕೇಳಿದ್ರೆ, ಬೋರಕ್ಕ ಒಳಗೆ ಮಲಗಾಕೆ ಹೋಗಿದ್ಲು ಅನ್ನು. ಹೊರಗೆ ಬಿಸಿಲಿತ್ತು, ತಣ್ಣಗೈತೆ ಅಂತ ಒಳಗೋಗಿ ನಿದ್ದೆ ಹೋದ್ಲು, ಯಾರೂ ಕಳಿಸಿರ್ಲಿಲ್ಲ ಅನ್ನು. ಅಷ್ಟೇ. ಒಂದು ಮಾತು."

"ಗ್ರೈಂಡರ್ ಹಿಡ್ಕಂಡು ಮಲಗಾಕೆ ಹೋಗಿದ್ಲಾ?"

ಕಾಟಲಿಂಗಪ್ಪ ಬೈಕು ಚಾಲೂ ಮಾಡಿದ. "ಹೇಳಿದ್ರೆ ಕೆಲ್ಸ. ಹೇಳ್ಲಿಲ್ಲ ಅಂದ್ರೆ ನಿನಗೂ ಇಲ್ಲ, ನಿಮ್ ಕೇರಿ ಯಾವ ಹೆಂಗಸಿಗೂ ಇಲ್ಲ. ರಾಮಗಿರಿ ಕಡೆ ಬೇಕಾದಷ್ಟು ಜನ ಅದಾರೆ, ಟೆಂಪೋ ಕಳಿಸಿದ್ರೆ ಬಂದು ಬೀಳ್ತಾರೆ."

ಅವನು ಹೋದ ಮೇಲೆ ಮುದ್ದಕ್ಕ ಮಗಳ ಮುಂದೆ ಕೂತಳು.

"ಹೇಳಿಬಿಡವ್ವ. ಹೊಲ ಹೋತು. ಗುಡ್ಡಕ್ಕೆ ಸೌದೆಗೂ ಬಿಡಲ್ಲ, ಬೇಲಿ ಹಾಕ್ಯಾರೆ. ಇನ್ನೆಲ್ಲಿಗೆ ಹೋಗಾಣ?"

"ಸುಳ್ಳು ಹೇಳ್ಬೇಕಲ್ಲವ್ವ."

"ಅವರೇನು ನಿಜ ಹೇಳಿ ನಮ್ಮ ಹೊಲ ತಗಂಡ್ರಾ?"

ದೇವಿಕಾ ಚಿಕ್ಕವ್ವನ ಕಡೆ ನೋಡಿದಳು. ಬೋರಕ್ಕ ಗೋಡೆಗೆ ಒರಗಿ ಕೂತಿದ್ದಳು. ಒಂದೊಂದೇ ಮಾತನ್ನು ಉಸಿರು ಕೂಡಿಸಿ ಆಡಿದಳು.

"ಹೇಳೇ. ಮಲಗಿದ್ಲು... ಅನ್ನು. ನಂದೇನು... ಹೋಗ್ತೈತೆ. ನೀನಾದ್ರೂ... ಆ ತೂತಿನಿಂದ... ಈಚೆ ಬಾ."

ದೇವಿಕಾ ಹೇಳುವುದೆಂದೇ ತೀರ್ಮಾನಿಸಿದಳು. ಆ ಮಾತನ್ನು ನಾಲಿಗೆಗೆ ರೂಢಿ ಮಾಡಿಕೊಂಡಳು. ಮಲಗಾಕೆ ಹೋಗಿದ್ಲು ಸಾರ್. ನೀರು ತರುವಾಗ ಅಂದುಕೊಂಡಳು. ಮುದ್ದೆ ತಿರುವುವಾಗ ಅಂದುಕೊಂಡಳು. ತನಿಖೆಯ ದಿನ ಫ್ಯಾಕ್ಟರಿಯ ದಾರಿ ತುಳಿಯುವಾಗಲೂ ಅಂದುಕೊಂಡೇ ಹೋದಳು. ಅಂದುಕೊಂಡಷ್ಟೂ ಬಾಯಿ ಕಹಿಯಾಗುತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ.

ಅವತ್ತು ಶೆಡ್ಡು ಮದುವೆ ಮನೆಯಾಗಿತ್ತು. ನೆಲ ತೊಳೆದಿದ್ದರು. ದಪ್ಪ ಪೈಪಿನ ಫ್ಯಾನು ರೆಕ್ಕೆಯ ಬಾಯಿಗೆ ಬಂದು ಕೂತಿತ್ತು. ಹೊಸ ಹಗ್ಗ ಸುರುಳಿ ಸುತ್ತಿ ಇಟ್ಟಿದ್ದರು. ಹೆಂಗಸರಿಗೆ ಹೊಸ ಮಾಸ್ಕು, ಹೊಸ ಕೈಗವಸು ತೊಡಿಸಿದ್ದರು. ಮೌನಿಕಾಳ ತಲೆಯ ಮೇಲೆ ಹಳದಿ ಟೋಪಿ ಇತ್ತು. ಅವಳು ನೆಲ ನೋಡುತ್ತಿದ್ದಳು.

ಅಧಿಕಾರಿ ಕೆಟ್ಟವನಂತೆ ಕಾಣಲಿಲ್ಲ. ಎಳನೀರು ಕುಡಿದು ಮುಗಿಸಿ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. ಮ್ಯಾನೇಜರ್ ಪಕ್ಕದಲ್ಲಿದ್ದ. ಲಕ್ಷ್ಮೀಕಾಂತ್ ವಿವರಿಸುತ್ತಿದ್ದ.

"ನಾವು ಎಷ್ಟು ಹೇಳಿದ್ರೂ ಅಷ್ಟೇ ಸಾರ್. ಈ ಜನ ಹಂಗೇ. ನೆರಳು ಕಂಡಲ್ಲಿ ಉರುಳ್ಕಂತಾರೆ. ದುಡಿದು ಅಭ್ಯಾಸ ಇಲ್ಲ."

ಅಧಿಕಾರಿ ಸಣ್ಣಗೆ ನಕ್ಕ. ಮ್ಯಾನೇಜರನೂ ನಕ್ಕ. ಆ ನಗು ದೊಡ್ಡದೇನಲ್ಲ. ಯಾರನ್ನೂ ನೋಯಿಸಲೆಂದು ನಕ್ಕದ್ದೂ ಅಲ್ಲ. ದೊಡ್ಡವರ ನಡುವೆ ಮಾತು ಮುಂದುವರಿಯಲಿ ಎಂದು ನಕ್ಕದ್ದು. ಅಷ್ಟೇ.

"ಹೇಳಮ್ಮ," ಎಂದ ಅಧಿಕಾರಿ ದೇವಿಕಾಳ ಕಡೆ ತಿರುಗಿ. "ನಿಮ್ಮ ಚಿಕ್ಕಮ್ಮ ಮಲಗೋಕೆ ಒಳಗೆ ಹೋಗಿದ್ರಂತೆ. ಹೌದಾ?"

ದೇವಿಕಾ ಬಾಯಿ ತೆರೆದಳು. ಮಾತು ನಾಲಿಗೆಯ ಮೇಲೇ ಇತ್ತು. ಕಾಟಲಿಂಗಪ್ಪ ಗಲ್ಲ ಅಲುಗಿಸಿ ಸನ್ನೆ ಮಾಡಿದ.

ಅವಳ ಕಣ್ಣ ಮುಂದೆ ಬೋರಕ್ಕನ ಹಿಮ್ಮಡಿ ಬಂತು.

"ಇಲ್ಲ," ಎಂದಳು.

"ಏನು?"

"ಮಲಗಾಕೆ ಹೋಗಿರ್ಲಿಲ್ಲ. ನನ್ ಬದ್ಲು ಕೆಲ್ಸ ಮಾಡಾಕೆ ಹೋಗಿದ್ಲು. ಇವ್ರೇ ಕಳಿಸಿದ್ರು. ಅಂಟು ಒಣಗಿಲ್ಲ ಅಂದೆ. ಫ್ಯಾನು ಕೇಳ್ದೆ. ಕೊಡ್ಲಿಲ್ಲ."

"ಫ್ಯಾನ್ ಇದೆಯಲ್ಲಮ್ಮ ಇಲ್ಲಿ?"

"ನೀವು ಬರ್ತೀರಿ ಅಂತ ಬಂದೈತೆ ಸಾರ್. ನೀವು ಕಾರು ಹತ್ತಿದ್ರೆ ಅದೂ ಹೋಗ್ತೈತೆ."

"ಏಯ್! ಬಾಯಿ ಬಿಗಿ ಹಿಡಿ!" ಎಂದ ಕಾಟಲಿಂಗಪ್ಪ.

ದೇವಿಕಾ ಅವನ ಕಡೆ ನೋಡಲಿಲ್ಲ. ಅಧಿಕಾರಿಗೇ ಹೇಳಿದಳು.

"ಮಲಗೋ ಜಾಗ ಹೆಂಗೈತೆ ಅಂತ ಒಂದು ಸಲ ಹೋಗಿ ನೋಡ್ರಿ ಸಾರ್. ಮಂಡಿ ಊರ್ರಿ, ಆಮ್ಯಾಲೆ ಹೊಟ್ಟೆ ಮ್ಯಾಲೆ ಹೋಗ್ರಿ. ನಾನು ಹಗ್ಗ ಹಿಡ್ಕಂತೀನಿ. ಅಲ್ಲಿ ನಿದ್ದೆ ಬರ್ತೈತಾ ಬರಲ್ವಾ, ನೀವೇ ಬಂದು ಹೇಳ್ರಿ."

ಅಧಿಕಾರಿ ರೆಕ್ಕೆಯ ಬಾಯಿಯನ್ನು ನೋಡಿದ. ತನ್ನ ಬಿಳಿ ಅಂಗಿಯನ್ನು ನೋಡಿಕೊಂಡ.

"ಅದು ನಮ್ಮ ಕೆಲಸ ಅಲ್ಲಮ್ಮ."

"ನಮ್ಮದೂ ಅಲ್ಲ ಸಾರ್. ನಾನು ಫಿಟ್ಟರ್ ಓದೀನಿ. ಈ ನೆಲದಾಗೆ ನಮ್ಮವ್ವ ಹುರುಳಿ ಕಿತ್ತಾಳೆ. ರೆಕ್ಕೆ ನೀವೇ ಮಾಡ್ರಿ ಅಂತ ಹೇಳಿ ಈ ನೆಲ ತಗಂಡ್ರು. ಮಾಡಾಕೆ ಬಿಡ್ಲಿಲ್ಲ. ಅದರ ಹೊಟ್ಟೆ ತೊಳಿಯಾಕೆ ಇಟ್ಕಂಡ್ರು. ಊರಿಗೆಲ್ಲ ಗಾಳಿ ಮಾರೋರು, ನಮಗೆ ಒಂದು ಫ್ಯಾನು ಗಾಳಿ ಕೊಡಾಕೆ ಆಗಲ್ವಾ?"

ದೇವಿಕಾ ಹೊಸ ಮಾಸ್ಕು ಬಿಚ್ಚಿ ಸುರುಳಿ ಸುತ್ತಿದ ಹಗ್ಗದ ಮೇಲಿಟ್ಟಳು.

"ಫ್ಯಾನು, ಹಗ್ಗ, ಹೊರಗೆ ಕುಂತ್ಕಣಾಕೆ ಒಂದಾಳು. ಇವು ಇಲ್ದೆ ನಾನು ಒಳಗೋಗಲ್ಲ. ಯಾರೂ ಹೋಗಲ್ಲ."

ಕೊನೆಯ ಮಾತು ಹೆಚ್ಚಾಯಿತು. ಅದು ಅವಳಿಗೂ ಗೊತ್ತಿತ್ತು. ಯಾರ ಪರವಾಗಿ ಹೇಳಿದಳೋ ಆ ಹೆಂಗಸರ ಕಡೆ ತಿರುಗಿದಳು. ಅವರು ಕೈಗವಸು ಬಿಚ್ಚಲಿಲ್ಲ. ಒಬ್ಬಳು ಅಳುತ್ತಿದ್ದಳು. ಮೌನಿಕಾ ಇನ್ನೂ ನೆಲ ನೋಡುತ್ತಲೇ ಇದ್ದಳು.

ಅಧಿಕಾರಿ ಇನ್ನೊಮ್ಮೆ ವಿಚಾರಿಸುತ್ತೇನೆ ಎಂದ. ಅವನ ಕಾರು ಗೇಟು ದಾಟುತ್ತಲೇ ಕಾಟಲಿಂಗಪ್ಪ ಅವಳ ತೋಳನ್ನು, ನೀರೊಡೆದ ತೋಳನ್ನೇ, ಹಿಡಿದು ದಬ್ಬಿದ. "ಕೇರಿ ಮುಂಡೇರನ್ನ ಗೇಟೊಳಗೆ ಬಿಟ್ಕಂಡಿದ್ದೇ ತಪ್ಪು," ಎಂದ.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಹೋಗಿ ಗೇಟಿನ ಹಾಜರಿ ಮಿಷನ್ನಿನ ಮೇಲೆ ಹೆಬ್ಬೆರಳಿಟ್ಟಳು. ಕೆಂಪು ದೀಪ. ಒರೆಸಿಕೊಂಡು ಮತ್ತೆ ಇಟ್ಟಳು. ಕೆಂಪು ದೀಪ. ಹಿಂದೆ ಸಾಲು ನಿಂತಿದ್ದ ಕೇರಿಯ ಹೆಂಗಸರು ಅವಳನ್ನು ಬಳಸಿಕೊಂಡು ಮುಂದೆ ಹೋದರು. ಅವರಿಗೆ ಹಸಿರು ದೀಪ. ಮೌನಿಕಾಗೂ ಹಸಿರು. ಅವಳ ಎರಡು ಮಕ್ಕಳಿಗೆ ಅವಳ ದುಡಿಮೆಯೊಂದೇ ಗತಿ. ದೇವಿಕಾಗೆ ಸಿಟ್ಟು ಬಂತು. ಯಾರ ಮೇಲೆ ಮಾಡಿಕೊಳ್ಳಬೇಕು ಎಂದು ತಿಳಿಯಲಿಲ್ಲ.

ಅವಳು ಮನೆಯಲ್ಲಿ ಕೂತಳು. ಮನೆ ಸಣ್ಣದಾಯಿತು. ಒಂದು ಮೂಲೆಯಲ್ಲಿ ಬೋರಕ್ಕನ ಎದೆಯ ಸದ್ದು. ಇನ್ನೊಂದು ಮೂಲೆಯಲ್ಲಿ ಅವ್ವನ ಮೌನ. ಐಮಂಗಲದ ಡಾಬಾಗಳಲ್ಲಿ ಕೆಲಸ ಕೇಳಿದಳು. ಗ್ಯಾರೇಜುಗಳಲ್ಲಿ ಕೇಳಿದಳು. ಹೊಸದುರ್ಗದ ಕಡೆ ವಿಂಡ್‌ಮಿಲ್ಲು ರಿಪೇರಿಗೆ ಹುಡುಗರನ್ನು ತೆಗೆದುಕೊಳ್ಳುತ್ತಾರೆಂದು ಶ್ರೀರಾಂಪುರದವರೆಗೆ ಬಸ್ಸು ಹತ್ತಿ ಹೋಗಿ ಕೇಳಿದಳು. ಅಲ್ಲಿ ಆಳು ಒದಗಿಸುವವನೂ ಕಾಟಲಿಂಗಪ್ಪನ ಷಡ್ಡಕ. ಯಾವ ಬಾಗಿಲಿಗೆ ಹೋದರೂ ಒಳಗೆ ಅವನದೇ ಮಂದಿ ಕೂತಿರುತ್ತಿದ್ದರು. ಮನೆಯ ಮುಂದಿನ ಗುಡ್ಡದ ಮೇಲೆ ರೆಕ್ಕೆಗಳು ತಿರುಗುತ್ತಲೇ ಇದ್ದವು. ಅವುಗಳಲ್ಲಿ ಎಷ್ಟರ ಹೊಟ್ಟೆಯೊಳಗೆ ತಾನು ಹೋಗಿ ಬಂದಿದ್ದೇನೆ ಎಂದು ನೋಡುತ್ತ ಕೂರುತ್ತಿದ್ದಳು.

ಒಂದು ಸಂಜೆ ಮೌನಿಕಾ ಬಂದಳು. ಹೊಸಿಲ ಹೊರಗೇ ನಿಂತಳು.

"ಫ್ಯಾನು ಹೋತು ಕಣೆ. ಅವತ್ತೇ ಹೋತು."

"ಗೊತ್ತು."

"ರಾಮಗಿರಿ ಕಡೆಯಿಂದ ಟೆಂಪೋದಾಗೆ ಹೊಸಬರನ್ನ ತಂದವ್ರೆ. ಇವತ್ತು ಅದರಾಗೊಬ್ಬಳು ಒಳಗೇ ವಾಂತಿ ಮಾಡ್ಕಂಡ್ಲು. ಇನ್ನೂ ಚಿಕ್ಕೋಳು. ನಾನೇ ಎಳ್ಕಂಡು ಬಂದೆ." ಮೌನಿಕಾ ಮೂಗು ಒರೆಸಿಕೊಂಡಳು. "ಅವತ್ತು ನೀನು ಹೇಳ್ದಾಗ ನಾನು ಬಾಯಿ ಬಿಡ್ಬೇಕಿತ್ತು."

ದೇವಿಕಾ ಸಮಾಧಾನ ಹೇಳಲಿಲ್ಲ. "ನಾಳಿಕೆ ರೆಕ್ಕೆ ಹೊರಡ್ತೈತಾ?" ಎಂದು ಕೇಳಿದಳು.

"ಬೆಳಿಗ್ಗೆ."

ಬೆಳಿಗ್ಗೆ ದೇವಿಕಾ ಫ್ಯಾಕ್ಟರಿಯ ರಸ್ತೆಗೆ ಹೋದಳು. ಗೇಟಿನಿಂದ ಹೊರಟ ಟ್ರೈಲರ್ ಲಾರಿ ಹೆದ್ದಾರಿಗೆ ಹೋಗಲು ಸ್ವಲ್ಪ ಮುಂದೆ ಎಡಕ್ಕೆ ತಿರುಗಬೇಕು. ರೆಕ್ಕೆ ಹೊತ್ತ ಲಾರಿ ತಿರುಗಬೇಕಾದರೆ ರಸ್ತೆಯ ಅಗಲ ಸಾಲದು, ಪಕ್ಕದ ಮಣ್ಣೂ ಬೇಕು. ಒಂದು ಮೇಕೆ ಅಡ್ಡ ನಿಂತರೂ ತಿರುಗುವುದಿಲ್ಲ. ದೇವಿಕಾ ಆ ತಿರುವಿನ ಮಣ್ಣಿನ ಮೇಲೆ ಹೋಗಿ ಕೂತಳು. ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

ಲಾರಿ ಬಂತು. ಹಾರ್ನ್ ಹೊಡೆಯಿತು. ಅವಳು ಏಳಲಿಲ್ಲ. ಡ್ರೈವರ್ ಇಳಿದು ಹಿಂದಿಯಲ್ಲಿ ಏನೋ ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಅವನು ಎಂಜಿನ್ ಆರಿಸಿ ಟೈರಿನ ನೆರಳಿಗೆ ಕೂತು ಬೀಡಿ ಹಚ್ಚಿದ. ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು ದೂರದಲ್ಲಿ ಗುಂಪಾಗಿ ನಿಂತರು. ಮೌನಿಕಾ ಗೇಟಿನ ಕಡೆ ನೋಡಿದಳು, ದೇವಿಕಾಳ ಕಡೆ ನೋಡಿದಳು. ಬುತ್ತಿಯ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಉಳಿದವರು ಬರಲಿಲ್ಲ.

ಕಾಟಲಿಂಗಪ್ಪ ಬೈಕಿನಲ್ಲಿ ಬಂದ. ಈ ಸಲ ಇಳಿದ.

"ಏಳ್ರಿ ಮ್ಯಾಲೆ! ಲಾರಿ ತಡ ಆದ್ರೆ ಏನಾಗ್ತೈತೆ ಗೊತ್ತೇನ್ರೇ ನಿಮಗೆ?"

"ಗೊತ್ತು," ಎಂದಳು ದೇವಿಕಾ. "ಅದಕ್ಕೇ ಕುಂತೀವಿ. ಫ್ಯಾನು, ಹಗ್ಗ, ಹೊರಗೆ ಒಂದಾಳು ಕೊಡ್ರಿ, ಏಳ್ತೀವಿ."

"ಪೊಲೀಸ್ರಿಗೆ ಫೋನ್ ಮಾಡೀನಿ. ಎಳ್ಕಂಡು ಹೋಗ್ತಾರೆ."

"ಹೋಗ್ಲಿ. ಬಿಟ್ಟ ಮ್ಯಾಲೆ ಮತ್ತೆ ಬಂದು ಕುಂತ್ಕಂತೀವಿ."

ಅವನು ಕೈ ಎತ್ತಿದ. ಮೌನಿಕಾ ಎದ್ದು ಅವನ ಮುಂದೆ ನಿಂತಳು. ಅವಳ ಎತ್ತರ ಅವನ ಎದೆಗೂ ಬರುತ್ತಿರಲಿಲ್ಲ. ಕೈ ಅಲ್ಲೇ ನಿಂತಿತು. ಅವನು ಬೈಯುತ್ತ ಫೋನು ಕಿವಿಗಿಟ್ಟುಕೊಂಡು ಆಚೆ ಹೋದ.

ಆಗ ಸೀಗೆಹಟ್ಟಿಯ ದಾರಿಯಲ್ಲಿ ಇಬ್ಬರು ಬರುವುದು ಕಾಣಿಸಿತು. ಬಹಳ ನಿಧಾನವಾಗಿ ಬರುತ್ತಿದ್ದರು. ಮುಂದೆ ಬೋರಕ್ಕ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಸೊಂಟಕ್ಕೆ ಕೈಕೊಟ್ಟು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು. ಮತ್ತೆ ನಡೆಯುತ್ತಿದ್ದಳು. ಹಿಂದೆ ಮುದ್ದಕ್ಕ ನೀರಿನ ಕೊಡ ಹೊತ್ತು ಬರುತ್ತಿದ್ದಳು. ತಂಗಿ ನಿಂತಾಗ ಅವಳೂ ನಿಲ್ಲುತ್ತಿದ್ದಳು. ಹೇಳಿಬಿಡವ್ವ ಎಂದಿದ್ದ ಮುದ್ದಕ್ಕ ಈಗ ಕೂತವರಿಗೆ ನೀರು ತರುತ್ತಿದ್ದಳು.

ಹೆದ್ದಾರಿಯ ಕಡೆಯಿಂದ ಪೊಲೀಸ್ ಜೀಪಿನ ಸದ್ದು ಕೇಳಿಸಿತು.

ದೇವಿಕಾ ಎದ್ದು ಓಡಿದಳು. "ಯಾಕೆ ಬಂದ್ಯೇ ಚಿಕ್ಕವ್ವ? ಈಗ ಎಳ್ದಾಡ್ತಾರೆ. ಮನೀಗೆ ಹೋಗು."

ಬೋರಕ್ಕ ಅವಳ ಕೈ ಹಿಡಿದುಕೊಂಡಳು. ಉಸಿರು ಕೂಡುವ ತನಕ ಮಾತಾಡಲಿಲ್ಲ. ಜೀಪು ತಿರುವಿನ ಹತ್ತಿರ ಬಂದು ನಿಂತಿತು. ಬಾಗಿಲುಗಳು ತೆರೆದುಕೊಂಡವು. ಬೋರಕ್ಕ ಅತ್ತ ನೋಡದೆ ಉಳಿದ ಹೆಜ್ಜೆಗಳನ್ನು ನಡೆದಳು. ಮಣ್ಣಿನ ಮೇಲೆ ಕೂತಿದ್ದ ಹೆಂಗಸರ ನಡುವೆ ಒಂದು ಕೈ ಊರಿ, ನೋವಿಗೆ ಮುಖ ಕಿವುಚಿ, ಮೆಲ್ಲಗೆ ಕುಕ್ಕರಿಸಿದಳು.

"ಸರ್ಕಳ್ರೇ," ಎಂದಳು. "ನಂಗೂ... ಜಾಗ ಬೇಕು."